ಕೋಳಿ ಎದ್ದ ಮೇಲೆ ಸಿಕ್ಕ ಕಾರು

ನಾವು ಬಾರ್ಕೂರಿಗೆ ಹೋದದ್ದು ಕಾರು ಕೊಳ್ಳುವುದಕ್ಕಲ್ಲ. ಅಲ್ಲಿನ ಒಂದು ಮನೆಯಲ್ಲಿ ಮೊಮ್ಮಗಳ ಮದುವೆ ಗೊತ್ತಾಗಿತ್ತು, ರವಿಕೆಗಳ ಅಳತೆ ತೆಗೆಯಲು ನನ್ನನ್ನು ಕರೆದಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು ಅದು. ಕುಂದಾಪುರದಲ್ಲಿ ನಮ್ಮ ಬಾಡಿಗೆ ಮನೆಯ ಎದುರು ಕೋಣೆಯಲ್ಲೇ ನಾನು ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದೆ. ನನ್ನ ಗಂಡ ದಿನಾ ದೋಣಿಯಲ್ಲಿ ಹೊಳೆ ದಾಟಿ ಗಂಗೊಳ್ಳಿ ಬಂದರಿಗೆ ಹೋಗಿ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ಬಾರ್ಕೂರಿನ ಆ ಮನೆಯಲ್ಲಿ ಪಂಪ್‌ಸೆಟ್ಟೂ ಕೆಟ್ಟಿದೆ ಎಂದು ಕೇಳಿ ಅವರೂ ನನ್ನ ಜೊತೆ ಬಸ್ಸು ಹತ್ತಿದರು.

ನಾನು ಒಳಗೆ ಮದುಮಗಳ ಅಳತೆ ಮುಗಿಸಿ, ಕಾಫಿ ಕುಡಿದು ಹೊರಗೆ ಬಂದೆ. ಪಂಪ್‌ಸೆಟ್ಟು ಸರಿಯಾಗಿ ತೋಟಕ್ಕೆ ನೀರು ಹರಿಯುತ್ತಿತ್ತು. ಗಂಡ ಮಾತ್ರ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಕೊಟ್ಟಿಗೆಯ ಪಕ್ಕದ ಇಳಿಮಾಡಿನ ಕೆಳಗೆ, ತೆಂಗಿನಕಾಯಿ ರಾಶಿಯ ಹಿಂದೆ, ಎರಡು ಕಾಲುಗಳು ನೆಲದ ಮೇಲೆ ಚಾಚಿಕೊಂಡಿದ್ದವು. ಕಾಲಿನ ಮೇಲೆ ಒಂದು ಕಾರು.

"ಹ್ವಾಯ್, ಇಲ್ಲ್ ಬಾ. ಎಂತ ಸಿಕ್ಕಿತ್ ಕಾಣ್!" ಎಂದರು ಅಡಿಯಿಂದಲೇ. ಮದುವೆಯಾದಾಗಿನಿಂದ ಅಂಥ ದನಿ ನಾನು ಕೇಳಿರಲಿಲ್ಲ.

ಅದು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಮುಂಬಯಿಗೆ ಬಂದಿಳಿದ ಕಾರು. ಆ ಮನೆಯ ಯಜಮಾನತಿಯ ಮೈದುನ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು, ಯಾರಿಂದಲೋ ಕೊಂಡು ಊರಿಗೆ ಓಡಿಸಿಕೊಂಡು ಬಂದು ಕೆಲವು ವರ್ಷ ಮೆರೆದಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಆ ಇಳಿಮಾಡಿನ ಕೆಳಗೇ ನಿಂತಿತ್ತು. ಪುಟ್ಟ, ದುಂಡು ದುಂಡು ಕಾರು. ಎದುರಿನ ಗಾಜು ಎರಡು ತುಂಡಿನದು, ಅದರಲ್ಲೊಂದು ಒಡೆದಿತ್ತು. ಬಣ್ಣ ಯಾವುದೆಂದು ತಿಳಿಯಲು ಸೆರಗಿನಿಂದ ಒರೆಸಬೇಕಾಯಿತು. ಒರೆಸಿದ ಜಾಗದಲ್ಲಿ ಎಳೆ ಹಸಿರು ಕಂಡಿತು. ಆ ಅಂಗೈಯಗಲದ ಹಸಿರು ನೋಡಿದ ಮೇಲೆ ನನಗೂ ಬೇಡ ಎನ್ನಲು ಬಾಯಿ ಬರಲಿಲ್ಲ.

ಗಂಡ ಕೈ ಒರೆಸಿಕೊಳ್ಳುತ್ತ ಯಜಮಾನತಿಯನ್ನು ಕೇಳಿಯೇಬಿಟ್ಟರು. ಆಕೆ ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು.

"ಕೊಡುಕ್ ಅಡ್ಡಿಲ್ಲೆ. ಆರೆ ಈಗ ಆಪ್ದಿಲ್ಲೆ" ಎಂದರು.

"ಎಂತಕೆ ಅಮ್ಮಾ?"

"ಒಳ್ಗ್ ಕೋಳಿ ಕಾವಿಗ್ ಕೂತಿತ್. ಅದನ್ನ ಎಬ್ಸುಕಾಗ."

ಬಗ್ಗಿ ನೋಡಿದೆ. ಹಿಂದಿನ ಸೀಟು ಕುಸಿದು ಗುಳಿಯಾದ ಕಡೆ ಒಂದು ಕಪ್ಪು ಹೇಂಟೆ ಗರಿ ಉಬ್ಬಿಸಿಕೊಂಡು ಕುಳಿತು ನಮ್ಮನ್ನು ದುರುಗುಟ್ಟಿ ನೋಡುತ್ತಿತ್ತು.

"ಬುಟ್ಟಿಯಗೆ ಕೂರ್ಸಿರೆ ಆತಿಲ್ಯಾ?" ಎಂದು ಗಂಡ ಮೆಲ್ಲಗೆ ಕೇಳಿದರು.

"ನೀವ್ ಯೇಗ್ಳಾರೂ ಕಾವಿಗ್ ಕೂತ್ಕಂಡಿದ್ರಿಯಾ? ಮರಿ ಆದ್ಮೇಲ್ ಬನ್ನಿ."

ಮದುಮಗಳು ಬಾಗಿಲ ಹಿಂದೆ ನಿಂತು ನಕ್ಕದ್ದು ಕೇಳಿಸಿತು. ದರದ ಮಾತು ಎರಡು ನಿಮಿಷದಲ್ಲಿ ಮುಗಿದಿತ್ತು, ಕೋಳಿಯ ಮಾತು ಮುಗಿಯಲಿಲ್ಲ. ನಾವು ಬಸ್ಸಿನಲ್ಲೇ ವಾಪಸು ಬಂದೆವು. ರವಿಕೆ ಕೊಡಲು ಇನ್ನೊಮ್ಮೆ ಹೋದಾಗ ಯಜಮಾನತಿ ಅಂಗಳದಲ್ಲಿ ಮರಿಗಳಿಗೆ ನುಚ್ಚು ಹಾಕುತ್ತಿದ್ದರು. ನನ್ನನ್ನು ಕಂಡವರೇ, "ನಿಮ್ಮ್ ಕಾರ್ ಖಾಲಿ ಆಯ್ತ್" ಎಂದರು.

ಅತ್ತೆಗೆ ಹೇಳುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು. ನನ್ನ ಅತ್ತೆ ಉಪ್ಪುಂದದವರು. ಗಂಡ ತೀರಿದ ಮೇಲೆ ಮೀನಿನ ಬುಟ್ಟಿ ಹೊತ್ತು ಮಾರಿ ಇಬ್ಬರು ಗಂಡುಮಕ್ಕಳನ್ನು ಸಾಕಿದವರು. ಮನೆಗೆ ಬರುವ ಪ್ರತಿಯೊಂದು ಸಾಮಾನನ್ನೂ ಕಿವಿರು ಬಿಡಿಸಿ ನೋಡಿಯೇ ಒಳಗೆ ಬಿಡುವ ಸ್ವಭಾವ.

"ಮಗಾ, ನಿಂಗ್ ಮಂಡೆ ಸಮ ಇತ್ತಾ? ಓಡುದ್ ಬಿಟ್ಟ್ ನಿಂತದ್ದ್ ತತ್ತ್ಯಾ?"

"ನಿಂತದ್ದನ್ನ ಓಡ್ಸುದೇ ಅಲ್ದಾ ಅಮ್ಮಾ ನನ್ ಕೆಲ್ಸ" ಎಂದರು ಗಂಡ. ಅತ್ತೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಹತ್ತಿರ ಮಾತಾಡಿದರು.

ಕಾರನ್ನು ತಂದದ್ದು ಮೀನಿನ ಲಾರಿಯಲ್ಲಿ. ಮಂಗಳೂರಿನಲ್ಲಿ ಮೀನು ಇಳಿಸಿ ಖಾಲಿ ಬರುತ್ತಿದ್ದ ಲಾರಿಯನ್ನು ಬ್ರಹ್ಮಾವರದಲ್ಲಿ ನಿಲ್ಲಿಸಿ ಬಾರ್ಕೂರಿಗೆ ತಿರುಗಿಸಿದರು. ದೋಣಿ ಎಳೆಯುವ ಗಂಗೊಳ್ಳಿಯ ಗೆಳೆಯರು ಹಗ್ಗ, ಹಲಗೆಗಳ ಸಮೇತ ಬಂದಿದ್ದರು. ಅವರಿಗೆ ಎಳೆಯುವುದೆಂದರೆ ದೋಣಿಯೇ. ಒಬ್ಬರು ಕೂಗು ಎತ್ತಿದರು, ಉಳಿದವರು ಅದಕ್ಕೆ ದನಿಗೂಡಿಸಿ ಜಗ್ಗಿದರು, ಆ ಕಾರು ಕಡಲಿನಿಂದ ದಡಕ್ಕೆ ಬರುವ ದೋಣಿಯ ಹಾಗೆ ಓಲಾಡುತ್ತ ಹಲಗೆಯ ಮೇಲೆ ಏರಿತು. ಮದುವೆಗೆ ಚಪ್ಪರ ಹಾಕುತ್ತಿದ್ದವರೂ ಕೆಲಸ ಬಿಟ್ಟು ಬಂದು ಕೈಜೋಡಿಸಿದರು. ಲಾರಿಯ ತಳದಲ್ಲಿದ್ದ ಬಂಗುಡೆಯ ನೀರು ಕಾರಿಗೆ ಎಷ್ಟು ಅಂಟಿಕೊಂಡಿತೆಂದರೆ, ಆಮೇಲೆ ಬಹಳ ಕಾಲ ನಮ್ಮ ಬೀದಿಯ ಬೆಕ್ಕುಗಳೆಲ್ಲ ಅದರ ಸುತ್ತಲೇ ಬೀಡುಬಿಟ್ಟಿದ್ದವು.

ಬೋಟಿನ ಎಂಜಿನ್ನಿನ ಎದುರು ಈ ಎಂಜಿನ್ ರುಬ್ಬುವ ಕಲ್ಲಿನಷ್ಟು. ವರ್ಷಗಟ್ಟಲೆ ನಿಂತು ಅದು ತಿರುಗದಂತೆ ಬಿಗಿದುಹೋಗಿತ್ತು, ಗಂಡ ಮೊದಲು ಅದರೊಳಗೆ ಎಣ್ಣೆ ಬಿಟ್ಟು ನೆನೆಯಲು ಇಟ್ಟರು. ಉದ್ದಿನ ಬೇಳೆ ನೆನೆಹಾಕಿದವರಂತೆ ಬೆಳಿಗ್ಗೆ ಸಂಜೆ ನೋಡುವುದು, ಹ್ಯಾಂಡಲ್ ಹಾಕಿ ಅಲ್ಲಾಡಿಸುವುದು. ಒಂದು ಸಂಜೆ ಅದು ಕರಕ್ಕೆಂದು ಅರ್ಧ ಸುತ್ತು ತಿರುಗಿತು. ಅವತ್ತು ಅವರು ಊಟಕ್ಕೆ ಎರಡು ಸಲ ಬಡಿಸಿಕೊಂಡರು.

ಸಾಮಾನು ಸಿಗುವುದೇ ದೊಡ್ಡ ತಾಪತ್ರಯ. ಬ್ರೇಕಿನ ರಬ್ಬರುಗಳು ಸುತ್ತಮುತ್ತ ಎಲ್ಲೂ ಇರಲಿಲ್ಲ. ನನ್ನ ಮೈದುನ ಮುಂಬಯಿಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ. ಅವನು ಹಳೆ ಸಾಮಾನಿನ ಬಜಾರಿಗೆ ಹೋಗಿ ಅಲ್ಲಿನ ಬೂತಿನಿಂದ ನಮ್ಮ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಮಾಡಿದ. ನಾವು ಗಂಡ ಹೆಂಡತಿ ಒಂದೇ ರಿಸೀವರಿಗೆ ಕಿವಿ ಕೊಟ್ಟು ನಿಂತೆವು.

"ಅಣ್ಣಾ, ಎಷ್ಟ್ ದೊಡ್ಡದ್ ಅಂತ ಕೇಂತ ಅಂಗ್ಡಿಯವ."

"ಕಿರಿಬೆರಳ್ ಹೊಕ್ಕುವಷ್ಟ್ ಅನ್ನ್."

"ಯಾರ್ ಕಿರಿಬೆರಳಾ? ನಿಂದಾ, ನಂದಾ?"

ಗಂಡ ತಮ್ಮ ಬೆರಳು ನೋಡಿಕೊಂಡರು. ಬೂತಿನವರು ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿ ನಗುತ್ತಿದ್ದರು. ನಾನು ರಿಸೀವರ್ ಕಸಿದು, "ಹೋಯ್ಕಣಿ ಬಾವ, ನಾನ್ ಅಳ್ತಿ ಕಳ್ಸ್ತೆ" ಎಂದೆ. ಮನೆಗೆ ಬಂದು ಹಳೆಯ ರಬ್ಬರುಗಳನ್ನು ಒಂದೊಂದಾಗಿ ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದು, ದಪ್ಪವನ್ನು ಟೇಪಿನಿಂದ ಅಳೆದು ಬರೆದು, ರವಿಕೆಯ ಕಟ್ಟಿಂಗ್ ಇಟ್ಟುಕೊಳ್ಳುವ ಹಾಗೆ ಮಡಚಿ ಮುಂಬಯಿ ಬಸ್ಸಿನಲ್ಲಿ ಕಳಿಸಿದೆ. ಮುಂದಿನ ವಾರದ ಬಸ್ಸಿಗೆ ಸಾಮಾನು ಬಂತು, ಮರಾಠಿ ಪೇಪರಿನಲ್ಲಿ ಸುತ್ತಿದ್ದು. ಎಲ್ಲವೂ ಸರಿಹೊಂದಿತು. ಪೊಟ್ಟಣದ ತಳದಲ್ಲಿ ನಾವು ಹೇಳದೇ ಇದ್ದ ಒಂದು ಹಿತ್ತಾಳೆಯ ಪೀಪಿ ಹಾರನ್ನೂ ಇತ್ತು. ಯಾಕೆಂದು ಕೇಳಿದರೆ ಮೈದುನ, "ಚಂದ ಕಂಡಿತ್, ಕಳ್ಸಿದೆ" ಎಂದ.

ಒಡೆದ ಗಾಜಿಗೂ ನಾನೇ ಕಾಗದ ಕತ್ತರಿಸಿ ಅಚ್ಚು ಮಾಡಿದೆ. ಗಾಜಿನಂಗಡಿಯವರು ಹಳೆಯ ಲಾರಿಯ ಗಾಜಿನಿಂದ ಆ ಅಚ್ಚಿನಂತೆ ಕೊಯ್ದುಕೊಟ್ಟರು. ಸೀಟುಗಳು ಪೂರ್ತಿ ನನ್ನ ಪಾಲಿನವು. ದಪ್ಪ ರೆಕ್ಸಿನ್ನಿಗೆ ನನ್ನ ಮೆಷಿನ್ನಿನ ಸೂಜಿ ಪಟಪಟನೆ ಮುರಿಯಿತು. ಟಾರ್ಪಾಲು ಹೊಲಿಯುವ ದಬ್ಬಳ ತಂದು ಕೈಯಲ್ಲೇ ಹೊಲಿದೆ, ಒಳಗೆ ತೆಂಗಿನ ನಾರು ತುಂಬಿದೆ. ಕಾರಿನ ಛಾವಣಿಯ ಒಳಬದಿಯ ಬಟ್ಟೆ ಇಲಿ ಕಡಿದು ಹೋಗಿತ್ತು. ನನ್ನ ಹತ್ತಿರ ಸಣ್ಣ ಹೂವಿನ ವಾಯಿಲ್ ಬಟ್ಟೆ ಉಳಿದಿತ್ತು, ಅದನ್ನೇ ಹಾಕಿದೆ. ಗಂಡ ನೋಡಿ, "ಕಾರಿಗ್ ರವ್ಕಿ ತೊಡ್ಸಿದಾಂಗ್ ಆಯ್ತ್" ಎಂದು ಮುಖ ಸಿಂಡರಿಸಿದರು.

ಅದನ್ನು ಕೇಳಿಸಿಕೊಂಡ ಅತ್ತೆ ಮೊದಲ ಸಲ ಕಾರಿನ ಬಳಿ ಬಂದರು. ಬಗ್ಗಿ ಮೇಲೆ ನೋಡಿ, "ಅಡ್ಡಿಲ್ಲೆ ಹೆಣ್ಣೆ. ಚಂದ ಇತ್ತ್" ಎಂದರು. ಎಂಜಿನ್ ಕಡೆ ಕಣ್ಣು ಹಾಯಿಸದೆ ಒಳಗೆ ಹೋದರು.

ಅದು ಮೊದಲ ಬಾರಿ ಶುರುವಾದದ್ದು ಒಂದು ಭಾನುವಾರದ ಬೆಳಿಗ್ಗೆ. ಕೆಮ್ಮಿತು, ನಡುಗಿತು, ಹಿಂದಿನಿಂದ ಕಪ್ಪು ಹೊಗೆ ಬಿಟ್ಟು ಪಕ್ಕದ ಮನೆಯವರು ಒಣಹಾಕಿದ್ದ ಬಿಳಿ ಪಂಚೆಯನ್ನು ಮರೆಮಾಡಿತು. ಆಮೇಲೆ ನಿಧಾನಕ್ಕೆ ಹದಕ್ಕೆ ಬಂದು ಗುಡುಗುಡು ಎನ್ನತೊಡಗಿತು. ನಾನು ಟೇಪನ್ನು ಕುತ್ತಿಗೆಯಲ್ಲಿ ನೇತುಹಾಕಿಕೊಂಡೇ ಅಂಗಳದಲ್ಲಿ ಕುಣಿದೆ. ಅತ್ತೆ ಸೌಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಆ ಕಾರಿಗೆ ತಿರುಗುವ ದಿಕ್ಕು ತೋರಿಸಲು ಮಿನುಗುವ ದೀಪವಿಲ್ಲ. ಬಾಗಿಲ ಪಕ್ಕದ ಕಂಬದಿಂದ ಒಂದು ಸಣ್ಣ ಕೆಂಪು ಕೈ ಚಾಚಿಕೊಳ್ಳುತ್ತದೆ. ಗಂಡ ಗುಂಡಿ ತಿರುಗಿಸಿದರು, ಎಡಗೈ ಎದ್ದು ನಿಂತಿತು. ಇನ್ನೊಂದು ಕಡೆ ತಿರುಗಿಸಿದರು, ಬಲಗೈ. ಅತ್ತೆಗೆ ನಗೆ ತಡೆಯಲಿಲ್ಲ. "ಇನ್ನೊಂದ್ಸಲ ಮಾಡ್ ಮಗಾ" ಎಂದರು. ಅನ್ನ ತಳ ಹಿಡಿಯುವವರೆಗೂ ಮಾಡಿಸಿದರು.

ಆದರೂ ಹತ್ತುವ ಮಾತು ಬೇರೆ. ಕಾಗದಪತ್ರಗಳೆಲ್ಲ ಸರಿಯಾದ ಮೇಲೆ ಉಪ್ಪುಂದದಲ್ಲಿದ್ದ ಅತ್ತೆಯ ಅಣ್ಣನ ಮನೆಗೆ ಊಟಕ್ಕೆ ಹೋಗುವುದೆಂದಾಯಿತು. "ನೀವ್ ಅದ್ರಗ್ ಬನ್ನಿ. ನಾನ್ ಬಸ್ಸಿಗ್ ಬತ್ತೆ" ಎಂದು ಅತ್ತೆ ನಮಗಿಂತ ಮೊದಲೇ ಹೊರಟು ನಿಂತರು. ನಾವು ಹಿಂದಿನಿಂದ ನಿಧಾನಕ್ಕೆ ಹೋದರೆ ಅವರು ಇನ್ನೂ ನಿಲ್ದಾಣದಲ್ಲೇ ಇದ್ದರು. ಬಂದ ಬಸ್ಸುಗಳಲ್ಲಿ ಜನ ಬಾಗಿಲಿನಲ್ಲಿ ಜೋತಾಡುತ್ತಿದ್ದರು. ಗಂಡ ಪೀಪಿ ಹಾರನ್ ಒತ್ತಿದರು. ನಿಲ್ದಾಣದ ಜನರೆಲ್ಲ ತಿರುಗಿ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಬಂದು ಎದುರು ಸೀಟಿನಲ್ಲಿ ಕುಳಿತರು. ನಾನು ಅಷ್ಟರಲ್ಲಿ ಹಿಂದಿನ ಸೀಟಿಗೆ ಸರಿದಿದ್ದೆ.

ತಲ್ಲೂರು, ಹೆಮ್ಮಾಡಿ, ತ್ರಾಸಿ ದಾಟುವವರೆಗೆ ಎಲ್ಲ ಸಲೀಸು. ಮರವಂತೆಯಲ್ಲಿ, ಎಡಕ್ಕೆ ಕಡಲು ಬಲಕ್ಕೆ ಹೊಳೆ ಇರುವ ಕಡೆ, ಎದುರಿನಿಂದ ಫಟ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಹಬೆ ಎದ್ದಿತು. ನಿಲ್ಲಿಸಿ ನೋಡಿದರೆ ಫ್ಯಾನ್ ಬೆಲ್ಟು ತುಂಡಾಗಿತ್ತು. ಬದಲಿ ಬೆಲ್ಟು ಇರಲಿಲ್ಲ.

ನಾನು ಅತ್ತೆಯ ಬಾಯಿಯಿಂದ ಏನು ಬರುವುದೋ ಎಂದು ಕಾದೆ. ಅವರು ಕೆಳಗಿಳಿದು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಕಡಲ ದಂಡೆಯಲ್ಲಿ ಬಲೆ ಸರಿಮಾಡುತ್ತ ಕುಳಿತಿದ್ದವರನ್ನು ನೋಡಿದರು.

"ಹ್ವಾಯ್! ಒಂದ್ ತುಂಡ್ ಹಗ್ಗ ಇತ್ತಾ?"

ಅವರಲ್ಲೊಬ್ಬರು ಹಗ್ಗ ಹಿಡಿದೇ ಮೇಲೆ ಬಂದರು. ಗಂಡ ತುಂಡಾದ ಬೆಲ್ಟಿನಷ್ಟು ಉದ್ದ ಅಳೆದು ಗಂಟು ಹಾಕಲು ಹೊರಟರು. ಗಂಟಾದರೆ ಚಕ್ರದಲ್ಲಿ ಸಿಕ್ಕುತ್ತದೆ ಎಂದು ಹಗ್ಗ ತಂದವರು ಹೇಳಿದರು. ಅವರೇ ಎಳೆಗಳನ್ನು ಬಿಡಿಸಿ ಒಂದರೊಳಗೊಂದು ಹೆಣೆಯತೊಡಗಿದರು. ಅತ್ತೆ ಒಂದು ಕ್ಷಣ ನೋಡಿದರು, ಅಷ್ಟೇ.

"ತನ್ನಿ ಇಲ್ಲ್. ನೀವ್ ಹೆಣುದ್ರೊಳ್ಗೆ ಅಲ್ಲ್ ಉಂಡ್ ಕೈ ತೊಳಿತ್ರ್."

ರಸ್ತೆಯ ಬದಿಯಲ್ಲಿ ಕಾಲು ಚಾಚಿ ಕುಳಿತು, ಹಗ್ಗದ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆದರು. ಬಲೆಯವರು ನಗುತ್ತ ಬೀಡಿ ಹಚ್ಚಿದರು. ಅತ್ತೆಯೂ ಅವರೂ ಯಾವ ಊರಿನ ಯಾರ ಸಂಬಂಧ ಎಂಬುದನ್ನು ಹೆಣಿಗೆ ಮುಗಿಯುವುದರೊಳಗೆ ಕಂಡುಹಿಡಿದುಕೊಂಡರು. ಗಂಡ ಅದನ್ನು ಏರಿಸಿ, ಡೈನಮೊ ಸರಿಸಿ ಬಿಗಿಮಾಡಿದರು. ನಾನು ಹತ್ತಿರದ ಮನೆಯ ಬಾವಿಯಿಂದ ನೀರು ತಂದೆ. ಕಾರು ಮತ್ತೆ ಹೊರಟಿತು. ದಾರಿಯುದ್ದಕ್ಕೂ ಅತ್ತೆ, "ಮೆಲ್ಲ ಹೋಗ್ ಮಗಾ, ಹಗ್ಗ ಹೊಸ್ತ್" ಎನ್ನುತ್ತಿದ್ದರು.

ಉಪ್ಪುಂದದಲ್ಲಿ ಅವರ ಅಣ್ಣ ಅಂಗಳಕ್ಕೆ ಬಂದು, "ಯಾರದ್ದಾ ಈ ಕಾರ್?" ಎಂದು ಕೇಳಿದರು.

"ನಮ್ದ್. ನಾನೇ ರಿಪೇರಿ ಮಾಡ್ದ್" ಎಂದರು ಅತ್ತೆ.

ಅಲ್ಲಿಂದ ಮುಂದೆ ಎದುರಿನ ಸೀಟು ಅತ್ತೆಯದೇ ಆಯಿತು. ಗುಲ್ವಾಡಿಯ ನೆಂಟರ ಮನೆಗೆ, ಬೈಂದೂರಿನ ಸಂತೆಗೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಕೋಟೇಶ್ವರದವರೆಗೆ. ಆದರೆ ಮಗನಿಗೆ ವಾರವೆಲ್ಲ ಬಂದರಿನ ಕೆಲಸ. ಒಂದು ದಿನ ಅತ್ತೆ ನನ್ನ ಮೆಷಿನ್ನಿನ ಎದುರು ಬಂದು ನಿಂತು, "ಹೆಣ್ಣೆ, ನೀ ಕಾಲಲ್ಲ್ ಇಷ್ಟ್ ಚಂದ ಮೆಟ್ಟ್ತೆ. ಅದನ್ನೂ ಮೆಟ್ಟುಕ್ ಕಲಿ" ಎಂದರು.

ನಾನು ಕಲಿತದ್ದು ಕೋಡಿಯ ದಾರಿಯಲ್ಲಿ, ಮೂವತ್ತೆಂಟು ದಾಟಿದ ಮೇಲೆ. ಕ್ಲಚ್ಚು, ಬ್ರೇಕು ಬೇಗ ಕೈವಶವಾದವು. ಹೊಲಿಗೆಯ ಕಾಲಿಗೆ ಅವು ಹೊಸವೆನಿಸಲಿಲ್ಲ. ಲೈಸೆನ್ಸಿನ ಪರೀಕ್ಷೆಯಲ್ಲಿ ಹೇಗೋ ಒಮ್ಮೆ ನೇರವಾಗಿ ಹಿಂದೆ ಹೋಗಿತ್ತು. ಆಮೇಲೆ ಆ ಕಾರು ನನ್ನ ಕೈಯಲ್ಲಿ ಹಿಂದಕ್ಕೆ ಹೋಗಲು ಒಪ್ಪಲೇ ಇಲ್ಲ, ಹೋದರೂ ಬೇಲಿಗೇ ಹೋಗುತ್ತಿತ್ತು. ಅತ್ತೆಗೆ ಇದೊಂದು ತೊಂದರೆಯೆಂದೇ ಅನಿಸಲಿಲ್ಲ. ಎಲ್ಲಿಗೆ ಹೊರಟರೂ ಮೊದಲು, "ಅಲ್ಲ್ ತಿರ್ಗ್ಸುಕೆ ಜಾಗ ಇತ್ತಾ?" ಎಂದು ವಿಚಾರಿಸುತ್ತಿದ್ದರು. ಅಂಗಳ ದೊಡ್ಡದಿದ್ದ ನೆಂಟರ ಮನೆಗೆ ನಾವು ಪದೇಪದೇ ಹೋದೆವು. ಸಣ್ಣ ಅಂಗಳದವರು ಒಳಗೊಳಗೇ ಬೇಸರಪಟ್ಟುಕೊಂಡರಂತೆ.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ದೂರದ ಓಡಾಟ ಕಡಿಮೆಯಾಯಿತು. ಈಗ ಅದನ್ನು ಹೊರಡಿಸುವುದು ಭಾನುವಾರಗಳಲ್ಲಿ ಮಾತ್ರ. ಅತ್ತೆಗೆ ಮೊಣಕಾಲು ನೋವು, ಹತ್ತಿಸಲು ಇಬ್ಬರು ಬೇಕು. ಹತ್ತಿ ಕುಳಿತರೆ ಇಳಿಯಲು ನಾಲ್ವರು ಹೇಳಿದರೂ ಕೇಳುವುದಿಲ್ಲ. ಹೋದ ಭಾನುವಾರ ಬ್ರಹ್ಮಾವರದಲ್ಲಿ ತರಕಾರಿ ಕೊಂಡು ಬಂದು ನೋಡಿದರೆ ನಮ್ಮ ಎದುರಿಗೇ ಯಾರೋ ದೊಡ್ಡ ವ್ಯಾನು ನಿಲ್ಲಿಸಿ ಹೋಗಿದ್ದರು. ಮುಂದೆ ಹೋಗಲು ದಾರಿಯಿಲ್ಲ. ಗಂಡ ಹಿಂದಿನ ಸೀಟಿನಿಂದ, "ನಾನ್ ತೆಗಿತೆ, ಇಳಿ" ಎಂದರು. ನಾನು ಇಳಿಯಲಿಲ್ಲ. ಕನ್ನಡಿ ನೋಡಿದೆ, ಕುತ್ತಿಗೆ ತಿರುಗಿಸಿದೆ, ಮೆಲ್ಲಗೆ ಕಾಲೆತ್ತಿದೆ. ಕಾರು ನೇರವಾಗಿ ಹಿಂದಕ್ಕೆ ಸರಿದು, ಯಾವ ಬೇಲಿಯನ್ನೂ ಮುಟ್ಟದೆ, ರಸ್ತೆಗೆ ಬಂತು. ಪಕ್ಕದಲ್ಲಿ ಅತ್ತೆ ಬಸಳೆಯ ಕಟ್ಟನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, "ಇನ್ನ್ ಸಣ್ಣ್ ಅಂಗ್ಳದೋರ್ ಮನಿಗೂ ಹೋಯ್ಲಕ್ಕ್" ಎಂದರು.