ಸೊಣ್ಣಪ್ಪ ಬರೆದ ಕಡಲಬಂಡೆ

ದೊಡ್ಡನೆಕ್ಕುಂದಿಯ ಸುತ್ತಮುತ್ತ ಸೊಣ್ಣಪ್ಪನ ಕುಂಚ ಸೋಕದ ಗೋಡೆ ಒಂದು ಕಾಲಕ್ಕೆ ಇರಲಿಲ್ಲ. ಡೈರಿಗೆ ಹಸು, ಸಲೂನಿಗೆ ಮೀಸೆ, ಲಾರಿಯ ಬೆನ್ನಿಗೆ ಹುಲಿ, ಎಲ್ಲ ಅವನದೇ. ಆಮೇಲೆ ಫ್ಲೆಕ್ಸ್ ಬಂತು ನೋಡಿ, ಸಂಜೆ ಹೇಳಿದರೆ ಬೆಳಗ್ಗೆ ನೇತಾಡುವ ಬೋರ್ಡು. ಸೊಣ್ಣಪ್ಪನ ಕುಂಚಗಳು ಡಬ್ಬದಲ್ಲೇ ಒಣಗಿದವು.

ಅಂಥ ಹೊತ್ತಿನಲ್ಲಿ ಕುಂದಾಪುರದ ಕಡೆಯ ಭಾನುಪ್ರಕಾಶ್ ರಿಂಗ್ ರಸ್ತೆಯಲ್ಲಿ ಮೀನೂಟದ ಹೋಟೆಲ್ ತೆರೆಯಲು ಬಂದರು. "ಮುಂದಿನ ಗೋಡೆ ತುಂಬ ಕಡಲು ಬೇಕು. ಎತ್ತರದ ಬಂಡೆ, ಕೆಳಗೆ ಅಲೆ. ಚಂದ ಬಂದರೆ ಒಳಗಿನ ಗೋಡೆಗಳೂ ನಿಮಗೇ. ಇಲ್ಲದಿದ್ರೆ ಫ್ಲೆಕ್ಸ್."

ಸೊಣ್ಣಪ್ಪ ಕಡಲು ಕಂಡವನಲ್ಲ. ಆದರೆ ಬಂಡೆಯೂ ನೀರೂ ಒಟ್ಟಿಗಿರುವ ಜಾಗ ಬಲ್ಲ: ಊರಾಚೆಯ ಹಳೇ ಕಲ್ಲುಕ್ವಾರಿ. ಅಲ್ಲಿ ಕೂತು ನೋಡಿದ, ಬಂದು ಬರೆದ. ಅಲೆ ಮಾತ್ರ ಸ್ವಂತದ್ದು.

"ಬಂಡೆ ಲಾಯ್ಕುಂಟು ಮಾರಾಯ್ರೆ," ಎಂದರು ಭಾನುಪ್ರಕಾಶ್. "ಇದೆಂತದು, ಸಾಲಾಗಿ ತೂತು?"

"ಬಂಡೆ ಅಂದ್ಮೇಲೆ ತೂತಿರಲ್ವಾ ಸಾರ್? ಉಳಿ ಹೊಡ್ದೇ ತಾನೇ ಕಲ್ಲು ಸೀಳದು."

"ಕಡಲಲ್ಲಿ ಉಳಿ ಯಾರು ಹೊಡೀತಾರೆ, ಮೀನಾ?"

"ಅಂಗಾರೆ ನಿಮ್ಮೂರಲ್ಲಿ ಕಲ್ಲು ತಾನಾಗೇ ಸೀಳ್ಕಂತದಾ?"

"ನಾಳೆ ಬರ್ತೇನೆ. ಒಂದು ತೂತು ಕಂಡರೂ ಫ್ಲೆಕ್ಸ್."

ಸೊಣ್ಣಪ್ಪ ತೂತು ಮುಚ್ಚಲು ಬಣ್ಣ ಕಲಸಿದ. ಅಷ್ಟರಲ್ಲಿ ಊಟ ತಂದ ಹೆಂಡತಿ ಪಿಳ್ಳಮ್ಮ ಗೋಡೆ ನೋಡಿ ನಿಂತುಬಿಟ್ಟಳು. ಅವಳಪ್ಪ ಆ ಕ್ವಾರಿಯಲ್ಲೇ ಕಲ್ಲು ಸೀಳುತ್ತಿದ್ದವನು.

"ಇದು ನಮ್ಮಪ್ಪನ ಸಾಲು. ಕಡೇ ತೂತು ವಾರೆ ನೋಡು. ಅವತ್ತು ನಾನು ಮುದ್ದೆ ತಗಂಡೋಗಿ ಅಪ್ಪೋ ಅಂತ ಕೂಗ್ದೆ, ತಿರುಗ್ದ, ಕೈ ತಪ್ತು."

"ಮುಚ್ಚು ಅಂದವ್ರೆ ಕಣೆ."

"ಮುಚ್ಚು. ಮನೇಲಿ ನಿಂಗೂ ಮುದ್ದೆ ಮುಚ್ಚೇ ಇರ್ತದೆ, ತೆಗ್ದು ಬಡ್ಸಲ್ಲ."

ಅತ್ತ ಫ್ಲೆಕ್ಸು, ಇತ್ತ ಮುದ್ದೆ. ಸೊಣ್ಣಪ್ಪ ತಲೆ ಕೆರೆದುಕೊಂಡ. ಆಮೇಲೆ ಬಿಳಿ ಬಣ್ಣದ ಡಬ್ಬ ತೆರೆದು, ಸಾಲು ಕೆಡದಂತೆ ತೂತಿಗೊಂದು ಹಕ್ಕಿ ಕೂರಿಸಿದ. ಕಡಲಹಕ್ಕಿ ಹೇಗಿರುತ್ತದೋ ಏನೋ, ಪಾರಿವಾಳಕ್ಕೇ ಕೊಕ್ಕು ಉದ್ದ ಮಾಡಿದ. ಬೀಗರೂಟದ ಪಂಕ್ತಿಯಂತೆ ಕೂತವು.

ಬೆಳಗ್ಗೆ ಭಾನುಪ್ರಕಾಶ್ ತೂತು ಹುಡುಕುತ್ತ ಗೋಡೆಯುದ್ದಕ್ಕೂ ನಡೆದರು. "ಇವೆಲ್ಲ ಎಂತಕ್ಕೆ ಕಾಯ್ತಾ ಉಂಟು?"

"ನಿಮ್ ಮೀನೂಟಕ್ಕೆ ಸಾರ್. ಇನ್ನೂ ಎಲೆ ಹಾಕಿಲ್ಲ."

ಅವರು ನಕ್ಕುಬಿಟ್ಟರು. ಒಳಗಿನ ಗೋಡೆಗಳ ಅಳತೆ ತೋರಿಸಲು ಅವನನ್ನು ಕರೆದುಕೊಂಡು ಹೋದರು. ಹೊರಗೆ ಕಡೆಯ ಹಕ್ಕಿ ಮಾತ್ರ ಕತ್ತು ವಾರೆ ಮಾಡಿ, ಯಾರೋ ಕೂಗಿದಂತೆ ರಸ್ತೆ ಕಡೆ ತಿರುಗಿತ್ತು.