ಕಾಡಿನ ಬಂಗಲೆಗೆ ಹೋದ ಕಟಕ ರೊಟ್ಟಿ

ತಾಂಬಾದ ಚನ್ನವ್ವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಸೊಸೆ ಹೊಸ್ತಿಲು ದಾಟಿ ಬಂದ ಮರುದಿನದಿಂದ ರೊಟ್ಟಿ ಬಡಿಯುವುದು ಅವಳ ಪಾಲು. ಮುಂದಿನ ಸೊಸೆ ಬಂದರಷ್ಟೇ ಬಿಡುಗಡೆ. ಹಿರಿಸೊಸೆ ಬಾಳಮ್ಮ ಹೀಗೆ ವರ್ಷಗಟ್ಟಲೆ ಬಡಿದು, ಗೊಳಸಂಗಿಯ ರೇವವ್ವ ಎರಡನೆಯ ಸೊಸೆಯಾಗಿ ಬಂದ ದಿನ ಹಂಚು ಬಿಟ್ಟು ಎದ್ದವಳು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ರೇವವ್ವನ ಮೈದುನನೋ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವವನು. ಅವನಿಗೆ ಮೀಸೆ ಬಂದು, ಕನ್ಯೆ ಸಿಕ್ಕು, ಆ ಪುಣ್ಯಾತ್ಗಿತ್ತಿ ಬಂದು ಒಲೆಯ ಮುಂದೆ ಕೂಡುವ ತನಕ ರೇವವ್ವನ ರಟ್ಟೆ ಉಳಿಯಬೇಕಲ್ಲ!

ಮನೆಯ ಮಂದಿ, ಆಳುಮಕ್ಕಳು, ಬಂದವರು ಹೋದವರು, ಎಲ್ಲರಿಗೂ ಜೋಳದ ರೊಟ್ಟಿಯೇ ಆಗಬೇಕು. ಕೋಳಿ ಕೂಗುವಾಗ ಕೂತರೆ ಬಿಸಿಲೇರಿದ ಮೇಲೆ ಏಳುವುದು, ಸಂಜೆಗೆ ಮತ್ತೆ ಅದೇ ಹಾಡು. ಗಂಡ ಶ್ರೀಶೈಲಪ್ಪ ಕೆಟ್ಟವನಲ್ಲ. ಹೆಂಡತಿಯ ಕೂಡ ನಾಲ್ಕು ಮಾತಾಡುವ ಆಸೆ ಅವನಿಗೂ ಇತ್ತು. ಅವನು ಬಾಯಿ ತೆಗೆಯುವಷ್ಟರಲ್ಲಿ ಅವಳು ಗೊರಕೆ ಹೊಡೆಯುತ್ತಿದ್ದಳು.

ಎಪ್ಪತ್ತೈದರ ಆಷಾಢಕ್ಕೆ ಮದುವೆಯಾಗಿ ವರ್ಷ ದಾಟಿತ್ತು. ಶ್ರೀಶೈಲಪ್ಪನ ಶಾಲೆಯ ಗೆಳೆಯ ಬಂದಗಿಸಾಬ ದಾಂಡೇಲಿಯ ಆಚೆ ಕಾಡಿನಲ್ಲಿ ಗಾರ್ಡ್ ಆಗಿದ್ದ. ರಜೆಗೆ ಬಂದವನು, ಅಲ್ಲೊಂದು ಬಂಗಲೆ ಇದೆ, ಮಳೆಗಾಲದಲ್ಲಿ ಆ ಕಡೆ ನರಪಿಳ್ಳೆಯೂ ಸುಳಿಯುವುದಿಲ್ಲ, ಸಾಹೇಬರನ್ನು ಕೇಳಿ ಕೊಡಿಸುತ್ತೇನೆ, ಹೆಂಡತಿಯನ್ನು ಕರಕೊಂಡು ಹನಿಮೂನಿಗೆ ಬಾ ಎಂದ. ಹಿಂಗಾರಿ ಬಿತ್ತನೆಗೆ ಇನ್ನೂ ಹೊತ್ತಿತ್ತು. ಆದರೆ ಅವ್ವನ ಮುಂದೆ ಹನಿಮೂನು ಅನ್ನಲು ಬಾಯಿ ಬರಬೇಕಲ್ಲ? ಉಳವಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತೇವೆ ಅಂದ. ದೇವರ ಹೆಸರು ಕೇಳಿ ಚನ್ನವ್ವ ಹೂಂ ಅಂದಳು. ಹೆಂಡತಿಗೆ ಅವನು ಬೇರೆಯೇ ಮಾತು ಕೊಟ್ಟಿದ್ದ: ಅಲ್ಲಿರುವ ತನಕ ನೀನು ಒಲೆಯ ಮುಂದೆ ಕೂಡುವಂತಿಲ್ಲ.

ಒಲೆ ಹೊತ್ತಿಸದೆ ಉಣ್ಣಲು ನಮ್ಮ ಎರೆ ಸೀಮೆಯವರಿಗೆ ಗೊತ್ತಿರುವ ಉಪಾಯ ಒಂದೇ, ಕಟಕ ರೊಟ್ಟಿ. ಬಡಿದು, ಒಣಗಿಸಿ, ಅರಿವೆಯಲ್ಲಿ ಕಟ್ಟಿಟ್ಟರೆ ತಿಂಗಳಾದರೂ ಕೆಡುವುದಿಲ್ಲ. ರೇವವ್ವ ದಿನದ ರೊಟ್ಟಿ ಮುಗಿಸಿ, ಮತ್ತೆ ಕೂತು, ಟ್ರಂಕು ತುಂಬುವಷ್ಟು ಬಡಿದಳು. ಆರಾಮ ಮಾಡಲು ಇಷ್ಟು ಪಾಡು! ಮಣಿಕಟ್ಟು ಬಾತು ಬಳೆ ಬಿಗಿಯಾದವು. ಮೇಲೆ ಚನ್ನವ್ವ ಇರಲಿ ಎಂದು ಒಂದು ಚೀಲ ಹಿಟ್ಟನ್ನೂ ಇಟ್ಟಳು.

ಇಂಡಿ ರೋಡಿನಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು, ಕಡೆಗೆ ಕಟ್ಟಿಗೆ ಲಾರಿಯಲ್ಲಿ ಕೂತು ಬಂಗಲೆ ಮುಟ್ಟಿದರು. ಅದೇನು ಮಳೆ! ತಾಂಬಾದಲ್ಲಿ ಮಳೆ ಬಂದರೆ ಜನ ಬಾಗಿಲಿಗೆ ಬಂದು ನೋಡುತ್ತಾರೆ. ಇಲ್ಲಿ ನೋಡಿ ನೋಡಿ ಶ್ರೀಶೈಲಪ್ಪನಿಗೆ ಬ್ಯಾಸರ ಬಂತು. ಮರದ ಹಿಂದೆ ಮರ, ಆಕಾಶದ ಪತ್ತೆಯೇ ಇಲ್ಲ. ರೇವವ್ವ ಮರವನ್ನೂ ನೋಡಲಿಲ್ಲ, ಮಳೆಯನ್ನೂ ನೋಡಲಿಲ್ಲ. ಮಂಚ ಕಂಡಳು, ಮಲಗಿದಳು. ಎದ್ದರೆ ಉಣ್ಣುವಳು, ಉಂಡರೆ ಮಲಗುವಳು.

ಕೈಗಂಟಿನ ಬುತ್ತಿ ಎರಡು ದಿನಕ್ಕೆ ಮುಗಿದು ಟ್ರಂಕು ತೆಗೆದರೆ ಕಮಟು ವಾಸನೆ ಮೂಗಿಗೆ ಬಡಿಯಿತು. ರೊಟ್ಟಿಗಳು ಒದ್ದೆ ಅರಿವೆಯ ಹಾಗೆ ಮೆತ್ತಗಾಗಿ ಹಸಿರು ಬೂಸು ಹಿಡಿದಿದ್ದವು. ಗಾಳಿಯೇ ಒದ್ದೆಯಿರುವ ಊರೂ ಇರುತ್ತದೆಂದು ಒಣ ಸೀಮೆಯವರು ಹೇಗೆ ತಿಳಿಯಬೇಕು? ರೇವವ್ವ ಟ್ರಂಕಿನ ಮುಂದೆ ಕೂತು ಅತ್ತುಬಿಟ್ಟಳು. ರೊಟ್ಟಿ ಕೆಟ್ಟಿತೆಂದಲ್ಲ, ಒಲೆ ಇಲ್ಲಿಗೂ ಬೆನ್ನು ಹತ್ತಿ ಬಂತಲ್ಲ ಎಂದು. ಬಂಗಲೆಯ ಕಾವಲುಗಾರ ಅನ್ನ ಬೇಯಿಸಿ ಕೊಟ್ಟ. ಜೋಳ ಉಂಡು ಬೆಳೆದ ಹೊಟ್ಟೆಗೆ ಅನ್ನ ಎಲ್ಲಿಗೆ ಸಾಲಬೇಕು? ನಾಳೆ ಬಡಿದು ಕೊಡುತ್ತೇನೆ ಎಂದು ಗಂಡನಿಗೆ ಹೇಳಿ ಮಲಗಿದಳು.

ಬೆಳಗ್ಗೆ ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬಿದ್ದದ್ದೇ, ಬಂದೆ ಅತ್ತಿ ಎನ್ನುತ್ತ ದಡಬಡಿಸಿ ಎದ್ದಳು. ಅತ್ತೆ ಎಲ್ಲಿ? ಹಸಿ ಕಟ್ಟಿಗೆಯ ಹೊಗೆಯಲ್ಲಿ ಗಂಡ ಕೂತಿದ್ದ. ಎರಡು ಬಡಿತ, ಸ್ವಲ್ಪ ತಡೆದು ಮತ್ತೊಂದು ಬಡಿತ. ಮೀಸೆಗೆಲ್ಲ ಹಿಟ್ಟು. ರೊಟ್ಟಿಯ ಆಕಾರವೋ ದೇವರಿಗೇ ಪ್ರೀತಿ.

“ಮಲ್ಕೊ ನೀ,” ಅಂದ. “ಇಲ್ಲಿ ಯಾರ ನೋಡ್ತಾರ?”

ಮಲಗಿದಳು. ಸಂತೋಷಕ್ಕೆ ಅವತ್ತು ನಿದ್ದೆಯೇ ಬರಲಿಲ್ಲ. ಆ ದಿನ ಇಬ್ಬರೂ ಮನಸು ಬಿಚ್ಚಿ ಮಾತಾಡಿದರು. ಅವಳು ಕೇಳಿದ್ದು ಒಂದೇ: ಬಾಳಮ್ಮಕ್ಕನಿಗೂ ನನಗೂ ದಿನ ಬಿಟ್ಟು ದಿನ ಪಾಳಿ ಹಚ್ಚಲು ಅತ್ತೆಗೆ ಹೇಳಿರಿ. ಊರಿಗೆ ಹೋದ ಕೂಡಲೇ ಹೇಳುತ್ತೇನೆ ಎಂದು ಅವನು ಒಪ್ಪಿದ.

ಬರುವಾಗ ಉಳವಿಗೂ ಹೋಗಿ ಪ್ರಸಾದ ತಂದರು. ಚನ್ನವ್ವ ಅದನ್ನು ಕಣ್ಣಿಗೊತ್ತಿಕೊಂಡು, ರೊಟ್ಟಿ ಸಾಕಾದವೇನು ಎಂದು ಕೇಳಿದಳು. ರೇವವ್ವ ಗಂಡನ ಮುಖ ನೋಡಿದಳು. ಈಗ ಹೇಳುತ್ತಾನೆ ಅಂದುಕೊಂಡಳು.

“ಸಾಕಾದ್ವು ಯವ್ವಾ. ಛಲೋ ಇದ್ವು,” ಅಂದವನೇ ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋದ.

ರಾತ್ರಿ ಊಟಕ್ಕೆ ಬಡಿಸುವಾಗ ರೇವವ್ವ ಮೆಲ್ಲಗೆ ಅಂದಳು: “ಕಾಡಿನ್ಯಾಗ ನನ್ನ ಗಂಡ ಆಗಿದ್ರಿ. ಮನಿಗೆ ಬಂದು ಅತ್ತಿ ಮಗ ಆದ್ರಿ.” ಸಿಟ್ಟಿನ ಮಾತಲ್ಲ, ಸಿಟ್ಟು ಮಾಡಲೂ ಮೈಯಲ್ಲಿ ಕಸುವು ಬೇಕು. ಶ್ರೀಶೈಲಪ್ಪ ಅರ್ಧಕ್ಕೆ ಕೈ ತೊಳೆದ.

ಮರುದಿನ ಕೋಳಿ ಕೂಗಿತು. ರೇವವ್ವನಿಗೆ ಎಚ್ಚರವಿತ್ತು, ಮೈ ಏಳಲೊಲ್ಲದು. ಇನ್ನೇನು ಅತ್ತೆ ಕೂಗುತ್ತಾಳೆ. ಕೂಗಲಿ. ಅಷ್ಟರಲ್ಲಿ ಅಡುಗೆಮನೆಯಿಂದ ಸಪ್ಪಳ ಕೇಳಿತು. ಎರಡು ಬಡಿತ, ಸ್ವಲ್ಪ ತಡೆದು ಮತ್ತೊಂದು ಬಡಿತ.

“ಗಂಡಸಾಗಿ ಏನ ಮಾಡಾಕತ್ತೀಯೋ?” ಚನ್ನವ್ವನ ದನಿ.

“ರೊಟ್ಟಿ ಬಡ್ಯಾಕತ್ತೇನಿ ಯವ್ವಾ. ಇವತ್ತ ಅಕಿ ಪಾಳಿ ಅಲ್ಲ.”

ಬಡಿತ ನಿಲ್ಲಲಿಲ್ಲ. ಬಹಳ ಹೊತ್ತಿನ ಮೇಲೆ, ಸರಿ ಆ ಕಡೆ, ಹಿಟ್ಟು ಕೆಡಿಸಬೇಡ ಎಂದು ಬಾಳಮ್ಮ ಗೊಣಗಿದ್ದೂ, ಹಿಟ್ಟಿನ ಪರಾತ ಎಳೆದುಕೊಂಡದ್ದೂ ಕೇಳಿಸಿತು. ಬಡಿತ ಒಂದೇ ಸಮನಾಯಿತು. ರೇವವ್ವ ಕೌದಿಯನ್ನು ತಲೆಯ ತನಕ ಎಳೆದುಕೊಂಡು ಮಗ್ಗಲಾದಳು.