ಟವೆಲ್ ತೆಗೆದು ಆಡಿದ ಮಾತು

ಕರುಳಿನೊಳಗೆ ಕೊಳವೆ ಬಿಟ್ಟು ನೋಡಿಸಿಕೊಳ್ಳಲು ನನಗೆ ಮೈಸೂರಿನಲ್ಲಿ ಎಂಟು ಸಾವಿರ ರೂಪಾಯಿ ಆಯಿತು. ಆಸ್ಪತ್ರೆಯವರು ಕೇಳಿದ್ದು ಹತ್ತು. ನಾನು ದನದ ದಲ್ಲಾಳಿ. ಕೇಳಿದಷ್ಟೇ ಕೊಟ್ಟರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಏನೂ ತೊಂದರೆಯಿಲ್ಲದೆ ಯಾಕೆ ಖರ್ಚು ಮಾಡಿದೆ ಎಂದರೆ, ನಮ್ಮ ಅಕ್ಕ ಕರುಳಿನ ಕ್ಯಾನ್ಸರಿನಲ್ಲಿ ಹೋದಳು. ಒಡಹುಟ್ಟಿದವರೂ ಒಮ್ಮೆ ನೋಡಿಸಿಕೊಳ್ಳಿ ಎಂದು ಅವಳ ಡಾಕ್ಟರೇ ಹೇಳಿದ್ದರು. ಉಳಿದವರು ನಾನು, ನನ್ನ ತಮ್ಮ.

ನನ್ನದು ಚೊಕ್ಕವಾಗಿತ್ತು. ತಾಂಡ್ಯದ ಫ್ಯಾಕ್ಟರಿಯಲ್ಲಿ ಪಾಳಿ ಮಾಡುವ ತಮ್ಮ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

“ಉಡುಕುದ್ರೆ ಏನಾದ್ರೂ ಸಿಕ್ಕೇ ಸಿಕ್ತದೆ ಕಣಣ್ಣ. ಸುಮ್ನಿರು.”

“ಬಾಲ ಎತ್ತಿ ನೋಡ್ದೆ, ಸಗಣಿ ನೋಡ್ದೆ, ಯಾವತ್ತಾದ್ರೂ ಎತ್ತು ತಗೊಂಡಿದ್ದೀನೇನ್ಲಾ?”

“ಎತ್ತಿಗೆ ನಾಚ್ಕೆ ಇಲ್ಲ. ನಂಗದೆ.”

ಒಳಗಿದ್ದ ಅವನ ಹೆಂಡತಿ ನಕ್ಕಳು. ಅವನು ಎದ್ದು ಹೋದ.

ನಾನು ಮಾಡಿಸಿಕೊಂಡು ಬಂದ ಸುದ್ದಿ ನರಸೀಪುರದ ದನದ ಸಂತೆಗೂ ಮುಟ್ಟಿತು. “ಏನಣ್ಣ, ಸೈಲೆನ್ಸರ್ ಸರ್ವೀಸ್ ಮಾಡ್ಸ್ಕೊಂಡ್ಯಂತೆ?” ಎಂದ ಇನ್ನೊಬ್ಬ ದಲ್ಲಾಳಿ.

“ಊಂ ಕಣ್ಲಾ, ಕಂಡೀಸನ್ನಾಗೇ ಅದಂತೆ. ನಿಂದ್ಯಾವಾಗ?” ಎಂದೆ, ಅವನಿಗಿಂತ ಜೋರಾಗಿ.

ನಗುವವರು ನಗಲಿ. ನಮ್ಮ ಅಕ್ಕ ಮರ್ಯಾದೆಗೆ ಅಂಜಿ, ಎದ್ದು ಓಡಾಡುವಷ್ಟು ಕಾಲವೂ ‘ಹೊಟ್ಟೆ ಉಷ್ಣ’ ಎಂದೇ ಹೇಳಿದಳು. ಆ ಮರ್ಯಾದೆ ಅವಳನ್ನೇನೂ ಉಳಿಸಲಿಲ್ಲ.

ಮುಂದಿನ ಸಂತೆಗೆ ತಮ್ಮನೇ ಬಂದ. ದನದ ಬೆಲೆಯನ್ನು ನಾವು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಕುದುರಿಸುತ್ತೇವೆ. ಎಂದೂ ದನ ಕೊಂಡವನಲ್ಲ ಅವನು. ಆದರೂ ನನ್ನ ಹೆಗಲ ಟವೆಲ್ ಎಳೆದು, ಅದರಡಿ ನನ್ನ ಕೈ ಹಿಡಿದುಕೊಂಡ. ನೋಡುವವರಿಗೆ ಅದು ವ್ಯಾಪಾರ. ಬೆರಳು ಒತ್ತದೆ, ಕಿವಿಯ ಹತ್ತಿರ ಬಂದು ಹೇಳಿದ.

“ರಕ್ತ ಓಯ್ತಾ ಅದೆ ಕಣಣ್ಣ. ಯುಗಾದಿ ಆದಾಗ್ಲಿಂದ. ಮೂಲವ್ಯಾಧಿ ಅನ್ಕೊಂಡಿದ್ದೆ. ಮನೇಲಿ ಅವಳ್ಗೂ ಏಳಿಲ್ಲ. ಅಕ್ಕುಂಗೂ ಇಂಗೇ ಅಲ್ವಾ ಸುರುವಾಗಿದ್ದು?”

ಟವೆಲ್ ಕಿತ್ತು ಹೆಗಲಿಗೆ ಹಾಕಿಕೊಂಡೆ. ಅವನ ಕೈ ಬಿಡಲಿಲ್ಲ.

“ಇದು ಮುಚ್ಚಿ ಮಾಡೋ ವ್ಯಾಪಾರ ಅಲ್ಲ ಕಣ್ಲಾ. ನಡಿ, ಮೈಸೂರು ಬಸ್ ಅತ್ತು.”

“ಜನ ನೋಡ್ತಾವ್ರೆ ಅಣ್ಣ.”

“ನೋಡ್ಲಿ. ಅವ್ರೇನು ನಿಂಗೆ ಬ್ಯಾರೆ ಕರುಳು ಕೊಡ್ತಾರಾ?”

ಕೊಳವೆ ಬಿಟ್ಟು ನೋಡಿದಾಗ ಅವನ ಕರುಳಿನಲ್ಲಿ ಗಂಟು ಸಿಕ್ಕಿತು. ಹುಡುಕಿದ್ದರಿಂದ ಬಂದದ್ದಲ್ಲ, ಇದ್ದದ್ದು ಸಿಕ್ಕಿತು. ಕೊಯ್ದು ತೆಗೆದರು. ಈಗಲೂ ತಪಾಸಣೆಗೆ ಹೋಗುತ್ತಾನೆ, ಪಾಳಿಗೂ ಹೋಗುತ್ತಾನೆ, ಕ್ಯಾಂಟೀನಿನ ಸಾರಿಗೆ ಉಪ್ಪಿಲ್ಲ ಎಂದು ಬೈಯುತ್ತಾನೆ.

ನಿಮಗೂ ಹೇಳುತ್ತೇನೆ. ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಪು ಕೊಡಬೇಡಿ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ, ನೀವು ಗಟ್ಟಿಮುಟ್ಟಾಗಿದ್ದರೂ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಕೊಳವೆ ಎಂದರೆ ಎದೆ ಝಲ್ಲೆನ್ನುತ್ತದೆಯೇ? ರಕ್ತ ಕಂಡಿಲ್ಲದಿದ್ದರೆ, ಮೊದಲು ಮಲಪರೀಕ್ಷೆ ಮಾಡಿ ನೋಡಬಹುದೇ ಎಂದು ಬಾಯಿಬಿಟ್ಟು ಕೇಳಿ. ಹೊಟ್ಟೆ ತೊಳೆಯುವ ಔಷಧಿ ಕುಡಿದ ಮೇಲೆ ಊರು ಸುತ್ತಬೇಡಿ, ಕಕ್ಕಸಿನ ಹತ್ತಿರವೇ ಇರಿ. ಮಾರನೆಯ ದಿನ ಪರೀಕ್ಷೆ ಮುಗಿದಾಗ, ಅದಕ್ಕೆಂದು ಕೊಟ್ಟ ಮದ್ದಿನ ಮಂಪರು ಇನ್ನೂ ಇಳಿದಿರುವುದಿಲ್ಲ. ಬೈಕು ಮನೆಯಲ್ಲೇ ಬಿಟ್ಟು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.